ಸಿಮ್ ಎಲ್ಲಿಗ್ ಹಾಕುದ್ ಮಾರಾಯ?

ಭಾಗ 1/10

ಹ್ವಾಯ್, ಒಂದ್ ನಿಮಿಷ ಸ್ಕ್ರೋಲ್ ನಿಲ್ಸಿ. ಇದು ರೀಲ್ ಅಲ್ಲ, ಹತ್ತು ಪೋಸ್ಟಿನ ಜಗಳ. ಫೋಟೋದಲ್ಲಿ ಇರುವುದು ನಮ್ಮನೆಯ ಹಳೇ ಕೀಪ್ಯಾಡ್ ಸೆಟ್. ಐಫೋನ್ ಬಗ್ಗೆ ಬರೆಯೋಕೆ ಇದರ ಫೋಟೋ ಎಂತಕೆ ಅಂತ ಮೂರನೇ ಭಾಗದಲ್ಲಿ ಗೊತ್ತಾಗ್ತದೆ.

ಸೆಪ್ಟೆಂಬರ್ 9, ಮಂಗಳವಾರ. ರಾತ್ರಿ ಹತ್ತೂವರೆಗೆ ಆಪಲ್‌ನವರ ಕಾರ್ಯಕ್ರಮ ಶುರು. ನಮ್ಮ ಕ್ಲಾಸ್ ಗ್ರೂಪಿನಲ್ಲಿ ಮರುದಿನ ಇಂಟರ್ನಲ್ಸ್ ಇದೆ ಅಂತ ಒಬ್ಬರಿಗೂ ನೆನಪಿಲ್ಲ. ಐಫೋನ್ 17, 17 ಪ್ರೊ, ಪ್ರೊ ಮ್ಯಾಕ್ಸ್, ಜೊತೆಗೆ ಹೊಸ ತಳಿ ಒಂದು: ಐಫೋನ್ ಏರ್. ಅರ್ಧ ರಾತ್ರಿವರೆಗೆ ಗ್ರೂಪಿನಲ್ಲಿ ಯುದ್ಧ. ಕಿತ್ತಳೆ ಬಣ್ಣ ಚೆಂದವಾ, ಸ್ಕೈ ಬ್ಲೂ ಚೆಂದವಾ? ಹಿಂದಿನ ಕ್ಯಾಮೆರಾ ದಿಬ್ಬ ಒಳ್ಳೇದಾ, ಅಸಹ್ಯವಾ? 5.6 ಮಿಲಿಮೀಟರ್ ಅಂದ್ರೆ ಎಷ್ಟು, ಸ್ಕೇಲ್ ಇಟ್ಟು ಫೋಟೋ ಹಾಕಿದವರೂ ಇದ್ದಾರೆ. ನಾನೂ ಇದ್ದೆ, ಸುಳ್ಳು ಹೇಳುವುದಿಲ್ಲ. "ಏರ್ ಈಸ್ ಬೆಂಕಿ" ಅಂತ ಮೊದಲು ಟೈಪ್ ಮಾಡಿದವನು ನಾನೇ.

ಬೆಳಿಗ್ಗೆ ಅಮ್ಮ ಗೇರುಬೀಜದ ಫ್ಯಾಕ್ಟರಿಗೆ ಹೊರಡುವಾಗ ಅವಳಿಗೂ ತೋರಿಸಿದೆ. ಎರಡು ಬೆರಳಲ್ಲಿ ಸ್ಕ್ರೀನ್ ದೊಡ್ಡದು ಮಾಡಿ, ಫೋನಿನ ನಾಲ್ಕೂ ಬದಿ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಚೆಂದ ಇತ್ತ್. ಇದ್ರಂಗೆ ಸಿಮ್ ಎಲ್ಲಿಗ್ ಹಾಕುದ್ ಮಾರಾಯ?"

ಇಡೀ ರಾತ್ರಿ ಅರವತ್ತು ಜನ ಬಿಕಾಂ ವಿದ್ಯಾರ್ಥಿಗಳು ಕೇಳದ ಪ್ರಶ್ನೆ ಅದು. ನನ್ನ ವಾದ ಇಷ್ಟೇ: ಫೋನಿನ ಬಗ್ಗೆ ನಾವು ಮಾಡುವ ಚರ್ಚೆಯ ಪಟ್ಟಿಯನ್ನು ಕಂಪನಿ ಬರೆದುಕೊಡ್ತಿದೆ. ಬಣ್ಣ, ದಪ್ಪ, ದಿಬ್ಬ. ನಮ್ಮ ಪಟ್ಟಿ ನಾವು ಬರೆಯುವವರೆಗೆ ನಾವು ಗ್ರಾಹಕರಲ್ಲ, ಸಂಬಳ ಇಲ್ಲದ ಸೇಲ್ಸ್‌ಮ್ಯಾನ್‌ಗಳು.

ಭಾಗ 2/10

ಮೊದಲು ನ್ಯಾಯ. ಬೈಯುವ ಮೊದಲು ವಸ್ತು ಎಂತದ್ದು ಅಂತ ಹೇಳಬೇಕು.

ಐಫೋನ್ ಏರ್: ದಪ್ಪ 5.6 ಎಂಎಂ, ತೂಕ 165 ಗ್ರಾಂ, ಪರದೆ 6.5 ಇಂಚು. ಟೈಟಾನಿಯಂ ಚೌಕಟ್ಟು. ಒಳಗೆ ಎ19 ಪ್ರೊ ಚಿಪ್. ಹಿಂದೆ 48 ಮೆಗಾಪಿಕ್ಸೆಲ್‌ನ ಒಂದೇ ಒಂದು ಕ್ಯಾಮೆರಾ. 256 ಜಿಬಿಗೆ ಭಾರತದಲ್ಲಿ ಬೆಲೆ 1,19,900 ರೂ.

ಅಷ್ಟು ತೆಳು ಫೋನಿನಲ್ಲಿ ಅಷ್ಟು ಜೋರಾದ ಚಿಪ್ ಕೂರಿಸುವುದು ಸಣ್ಣ ವಿಷಯ ಅಲ್ಲ. ಚಿಪ್, ಕ್ಯಾಮೆರಾ, ಸ್ಪೀಕರ್ ಎಲ್ಲವನ್ನೂ ಮೇಲಿನ ದಿಬ್ಬಕ್ಕೆ ನೂಕಿ, ಕೆಳಗಿನ ಜಾಗ ಪೂರ್ತಿ ಬ್ಯಾಟರಿಗೆ ಬಿಟ್ಟಿದ್ದಾರೆ. ಯೋಚನೆ ಮಾಡಿ ಮಾಡಿದ ಕೆಲಸ. ಕೈಯಲ್ಲಿ ಹಿಡಿದವರು ಯಾರೂ "ಚೆಂದ ಇಲ್ಲ" ಅನ್ನುವುದಿಲ್ಲ. ನನಗೂ ಬೇಕು ಅನ್ನಿಸಿತ್ತು. ಈಗಲೂ ಸ್ವಲ್ಪ ಅನ್ನಿಸ್ತದೆ.

ಆದರೆ ಅದೇ ದಿನ ಅದೇ ವೇದಿಕೆಯಲ್ಲಿ ಬಂದ ಐಫೋನ್ 17 ಪಕ್ಕದಲ್ಲಿ ಇಡಿ. ಬೆಲೆ 82,900 ರೂ. ಸ್ಟೋರೇಜ್ ಅದೇ 256 ಜಿಬಿ. ಹಿಂದೆ ಎರಡು ಕ್ಯಾಮೆರಾ. ಮೇಲೂ ಕೆಳಗೂ ಸ್ಪೀಕರ್. ಭಾರತದ ಮಾಡೆಲ್‌ನಲ್ಲಿ ಸಿಮ್ ಹಾಕುವ ಜಾಗ ಇದೆ. ಕಂಪನಿಯೇ ಹೇಳುವ ಪ್ರಕಾರ ವಿಡಿಯೊ 30 ಗಂಟೆ ಓಡ್ತದೆ. ಏರ್‌ನಲ್ಲಿ 27 ಗಂಟೆ.

ಅಂದ್ರೆ 37,000 ರೂಪಾಯಿ ಹೆಚ್ಚು ಕೊಟ್ಟು ಒಂದು ಕ್ಯಾಮೆರಾ, ಒಂದು ಸ್ಪೀಕರ್, ಮೂರು ಗಂಟೆ ಬ್ಯಾಟರಿ, ಒಂದು ಸಿಮ್ ಜಾಗ ಕಮ್ಮಿ ತಕ್ಕೊಳ್ಳುವುದು. ಬದಲಿಗೆ ಸಿಗುವುದು ಟೈಟಾನಿಯಂ, ಸ್ವಲ್ಪ ದೊಡ್ಡ ಪರದೆ, ಇನ್ನಷ್ಟು ಜೋರಾದ ಚಿಪ್, ಮತ್ತು "ತೆಳು".

ಮೀನು ಮಾರ್ಕೆಟಿನಲ್ಲಿ ಹೀಗೆ ಮಾಡಿದ್ರೆ ನಮ್ಮ ಅಜ್ಜಿ ಬುಟ್ಟಿ ಸಮೇತ ವಾಪಸ್ ಕೊಟ್ಟು ಬರ್ತಿದ್ರು. "ಮಂಡೆ ಬಾಲ ತೆಗ್ದ್ ರೇಟ್ ಜಾಸ್ತಿ ಮಾಡಿದ್ಯಾ?" ಅಂತ ಕೇಳದೆ ಬಿಡ್ತಿರಲಿಲ್ಲ.

ಭಾಗ 3/10

ಈಗ ಕೀಪ್ಯಾಡ್ ಸೆಟ್ಟಿನ ಕಥೆ.

ಈ ಜುಲೈನಲ್ಲಿ ಜಡಿಮಳೆ ಹಿಡಿದಿತ್ತಲ್ಲ, ಆಗ ಅಮ್ಮನ ಫೋನ್ ನೀರು ಕುಡಿದು ಸತ್ತಿತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಅದು ಮುಖ್ಯ ಅಲ್ಲ. ಬಸ್ ಇಳಿದು ಮನೆಗೆ ಬರುವಷ್ಟರಲ್ಲಿ ಬ್ಯಾಗಿನೊಳಗೆ ನೀರು. ಪರದೆ ಕಪ್ಪು. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆವು, ಪ್ರಯೋಜನ ಆಗಲಿಲ್ಲ.

ಮರುದಿನ ನನ್ನ ಸ್ಕಾಲರ್‌ಶಿಪ್ ಅರ್ಜಿಗೆ ಕೊನೇ ದಿನ. ಆಧಾರ್‌ಗೆ ಜೋಡಿಸಿದ ನಂಬರ್ ಅಮ್ಮನದ್ದು. ಓಟಿಪಿ ಬರುವುದು ಅದೇ ನಂಬರಿಗೆ. ನಾನು ಎಂತ ಮಾಡಿದೆ? ಪಿನ್ ಚುಚ್ಚಿ ಸಿಮ್ ತೆಗೆದೆ, ಅಂಗಿಯ ತುದಿಯಲ್ಲಿ ಒರೆಸಿದೆ, ಅಟ್ಟದ ಮೇಲಿದ್ದ ಈ ಕೀಪ್ಯಾಡ್ ಸೆಟ್ಟಿಗೆ ಹಾಕಿದೆ. ಐದು ನಿಮಿಷ. ಓಟಿಪಿ ಬಂತು. ಅರ್ಜಿ ಹೋಯ್ತು. ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನ ಹೋಟೆಲ್ ಬಾಗಿಲು ಹಾಕಿದ ಮೇಲೆ ಅಪ್ಪಯ್ಯ ಫೋನ್ ಮಾಡಿದಾಗ ಅಮ್ಮ ಅದೇ ಸೆಟ್ಟಿನಲ್ಲಿ ಮಾತಾಡಿದಳು. ಎರಡು ವಾರ ಅದೇ ಓಡಿತು.

ಐಫೋನ್ ಏರ್‌ನಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಜಗತ್ತಿನ ಎಲ್ಲ ಕಡೆ ಇ-ಸಿಮ್ ಮಾತ್ರ. ನಂಬರ್ ಫೋನಿನ ಒಳಗಿನ ಚಿಪ್ಪಿನಲ್ಲಿ ಕೂತಿರ್ತದೆ. ಫೋನ್ ಸತ್ತರೆ ನಂಬರನ್ನು ಕೈಯಲ್ಲಿ ಹಿಡಿದು ಬೇರೆ ಸೆಟ್ಟಿಗೆ ಹಾಕೋಕೆ ಆಗುವುದಿಲ್ಲ. ಮೊಬೈಲ್ ಕಂಪನಿಯನ್ನು ಕೇಳಿ ಇನ್ನೊಂದು ಸಲ ಪಡೆಯಬೇಕು, ಅದೂ ಇ-ಸಿಮ್ ತೆಗೆದುಕೊಳ್ಳುವ ಫೋನ್ ಬೇಕು. ಅಟ್ಟದ ಮೇಲಿನ ಕೀಪ್ಯಾಡ್ ಸೆಟ್ಟಿಗೆ ಇ-ಸಿಮ್ ಅಂದ್ರೆ ಎಂತ ಅಂತ ಗೊತ್ತಿಲ್ಲ. ಇಲ್ಲದಿದ್ದರೆ ಅಂಗಡಿಗೆ ಹೋಗಿ ಮತ್ತೆ ಪ್ಲಾಸ್ಟಿಕ್ ಸಿಮ್ ಮಾಡಿಸಬೇಕು.

ಇ-ಸಿಮ್‌ಗೂ ಒಳ್ಳೇ ಗುಣ ಇದೆ. ಕಳ್ಳ ಸಿಮ್ ಕಿತ್ತು ಬಿಸಾಡೋಕೆ ಆಗುವುದಿಲ್ಲ. ವಿದೇಶಕ್ಕೆ ಹೋಗುವವರಿಗೆ ಸುಲಭ. ಹಾಗಾದ್ರೆ ಎರಡೂ ಇಡಿ! ಐಫೋನ್ 17ರಲ್ಲಿ ಎರಡೂ ಇಟ್ಟಿದ್ದಾರಲ್ಲ.

"ತೆಳು ಮಾಡಬೇಕಾದ್ರೆ ಸಿಮ್ ಬಿಡಲೇಬೇಕು" ಅಂತ ಗ್ರೂಪಿನಲ್ಲಿ ಒಬ್ಬ ಬರೆದ. ಸ್ಯಾಮ್‌ಸಂಗ್ 2025ರ ಮೇ ತಿಂಗಳಲ್ಲಿ ಬಿಟ್ಟ ಎಸ್25 ಎಡ್ಜ್ ನೋಡು ಮಾರಾಯ. 5.8 ಎಂಎಂ. 163 ಗ್ರಾಂ. ಹಿಂದೆ ಎರಡು ಕ್ಯಾಮೆರಾ. ಸಿಮ್ ಜಾಗ ಇದೆ. ನಿನ್ನ "ಬಿಡಲೇಬೇಕು" ಅನ್ನುವುದರ ಬೆಲೆ 0.2 ಎಂಎಂ.

ಭಾಗ 4/10

ಫೋಟೋ: ಮರವಂತೆ. ಒಂದು ಕಡೆ ಸಮುದ್ರ, ನಡುವೆ ಹೈವೇ, ಇನ್ನೊಂದು ಕಡೆ ಸೌಪರ್ಣಿಕಾ. ಎಲ್ಲರೂ ಇಲ್ಲೇ ರೀಲ್ ಮಾಡುವುದಲ್ಲ? ಈ ಫೋಟೋ ತೆಗೆದ ಮೇಲೆ ಫೋನಿನ ಗಾಜು ಒರೆಸಿ ನೋಡಿ. ಅಂಟಂಟು. ಉಪ್ಪು.

ನಮ್ಮ ಉಡುಪಿ ಜಿಲ್ಲೆಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಮಳೆ ಇಲ್ಲದಾಗ ಬೆವರು. ಬೆವರು ಇಲ್ಲದಾಗ ಉಪ್ಪು ಗಾಳಿ. ಇಲ್ಲಿ ಫೋನ್ ಬದುಕಬೇಕು.

"ಏರ್ ಐಪಿ68 ಉಂಟಲ್ಲ, ಆರು ಮೀಟರ್ ನೀರಲ್ಲಿ ಅರ್ಧ ಗಂಟೆ!" ಅಂತೀರಿ. ಹೌದು, ರೇಟಿಂಗ್ ಹಾಗೇ ಇದೆ. ಅದು ಲ್ಯಾಬಿನಲ್ಲಿ ಮಾಡಿದ ಪರೀಕ್ಷೆ. ಆಪಲ್‌ನ ಪುಟದಲ್ಲೇ ಸಣ್ಣ ಅಕ್ಷರದಲ್ಲಿ ಇದೆ: ಈ ತಡೆ ಶಾಶ್ವತ ಅಲ್ಲ, ಬಳಸ್ತಾ ಬಳಸ್ತಾ ಕಮ್ಮಿ ಆಗಬಹುದು, ನೀರಿನಿಂದ ಆದ ಹಾನಿ ವಾರಂಟಿಯಲ್ಲಿ ಬರುವುದಿಲ್ಲ. ಬರೀ ಆಪಲ್ ಅಂತಲ್ಲ, ನೀರಿಗೆ ಹೆದರಬೇಡಿ ಅಂತ ಜಾಹೀರಾತು ಮಾಡುವ ಬೇರೆ ಕಂಪನಿಗಳ ವಾರಂಟಿ ಕಾಗದ ತೆಗೆದು ಓದಿ.

ದೊಡ್ಡ ಅಕ್ಷರದಲ್ಲಿ "ನೀರಿಗೆ ಹೆದರಬೇಡ". ಸಣ್ಣ ಅಕ್ಷರದಲ್ಲಿ "ನೀರು ಹೋದ್ರೆ ನಿನ್ನ ಕರ್ಮ".

ನಾವು ಬಿಕಾಂನವರು. ಬಿಸಿನೆಸ್ ಲಾ ಓದಿದ್ದೇವೆ. ಮಾರುವವನು ಗುಣ ಹೇಳಿ, ಅದೇ ಗುಣಕ್ಕೆ ಹೊಣೆ ಇಲ್ಲ ಅಂದ್ರೆ ಪರೀಕ್ಷೆಯಲ್ಲಿ ಹತ್ತು ಮಾರ್ಕಿನ ಪ್ರಶ್ನೆ ಆಗ್ತದೆ. ನಮ್ಮ ಕಿಸೆಯಲ್ಲಿ ಆದ್ರೆ ಮಾತ್ರ ನಾವು ಸುಮ್ಮನೆ.

ಗಂಗೊಳ್ಳಿಯಲ್ಲಿ ಬೋಟಿಗೆ ಹೋಗುವ ನಮ್ಮ ವಠಾರದ ಅಣ್ಣನ ಹತ್ತಿರ ಕೇಳಿದೆ, ಫೋನಲ್ಲಿ ನಿಂಗೆ ಎಂತ ಬೇಕು ಅಂತ. "ಒದ್ದೆ ಕೈಯಂಗೆ ಕಾಲ್ ತೆಗುಕೆ ಆಯ್ಕ್. ಅಷ್ಟೇ." ಪರದೆ ಮೇಲೆ ಉಪ್ಪು ನೀರು ಬಿದ್ದರೆ ಬೆರಳು ಒತ್ತಿದ್ದು ಒಂದು, ಫೋನಿಗೆ ಅರ್ಥ ಆಗುವುದು ಇನ್ನೊಂದು. ಅವರು ಬೋಟಿಗೆ ಹೋಗುವಾಗ ಪ್ಲಾಸ್ಟಿಕ್ ಕವರಿನಲ್ಲಿ ಫೋನ್ ಕಟ್ಟಿಕೊಳ್ತಾರೆ, ಜೊತೆಗೆ ಗುಂಡಿ ಇರುವ ಒಂದು ಸಾದಾ ಸೆಟ್. ಆ ಅಣ್ಣನ ಒಂದು ಸಾಲು ಯಾವ ಲಾಂಚ್ ಕಾರ್ಯಕ್ರಮದಲ್ಲಿ ಬಂದಿದೆ ಹೇಳಿ ಕಾಂಬ?

ಭಾಗ 5/10

ಬ್ಯಾಟರಿ.

ತೆಳು ಫೋನಿನಲ್ಲಿ ಬ್ಯಾಟರಿಗೆ ಜಾಗ ಕಮ್ಮಿ. ಇದು ರಹಸ್ಯ ಅಲ್ಲ, ಕಂಪನಿಗೂ ಗೊತ್ತು. ಹಾಗಾಗಿ ಏರ್ ಘೋಷಿಸಿದ ದಿನವೇ ಅದರ ಬೆನ್ನಿಗೆ ಅಂಟಿಸುವ ಮ್ಯಾಗ್‌ಸೇಫ್ ಬ್ಯಾಟರಿಯನ್ನೂ ಘೋಷಿಸಿದರು. ಬೆಲೆ 11,900 ರೂ. ಏರ್‌ಗೆಂದೇ ಮಾಡಿದ್ದು.

ಅಂದ್ರೆ ಮೊದಲು ಬ್ಯಾಟರಿ ತೆಗೆದು ತೆಳು ಮಾಡಿದರು, ತೆಳುವಿಗೆ ದುಡ್ಡು ತಕ್ಕೊಂಡರು. ಆಮೇಲೆ ತೆಗೆದ ಬ್ಯಾಟರಿಯನ್ನು ಬೇರೆ ಡಬ್ಬಿಯಲ್ಲಿ ಹಾಕಿ ಮಾರಿದರು. ಅದನ್ನು ಅಂಟಿಸಿದ ಮೇಲೆ ಫೋನ್ ದಪ್ಪ. ಒಟ್ಟು 1,31,800 ರೂ. ಇದಕ್ಕಿಂತ 3,100 ಹೆಚ್ಚು ಹಾಕಿದ್ರೆ 1,34,900ಕ್ಕೆ 17 ಪ್ರೊ ಬರ್ತದೆ. ಮೂರು ಕ್ಯಾಮೆರಾ, ಸಿಮ್ ಜಾಗ, ದೊಡ್ಡ ಬ್ಯಾಟರಿ ಎಲ್ಲ ಸೇರಿ.

ದೋಸೆ ತೆಳು ಮಾಡಿ, ರೇಟ್ ಜಾಸ್ತಿ ಮಾಡಿ, "ಹಸಿವಾದ್ರೆ ಇನ್ನೊಂದು ದೋಸೆ ತಕ್ಕೊಳ್ಳಿ" ಅಂದ ಹಾಗೆ. ಅಪ್ಪಯ್ಯನ ಹೋಟೆಲಿನಲ್ಲಿ ಹೀಗೆ ಮಾಡಿದ್ರೆ ಗಿರಾಕಿ ಪ್ಲೇಟ್ ಅಲ್ಲೇ ಬಿಟ್ಟು ಹೋಗ್ತಾರೆ.

ಇನ್ನು ನಮ್ಮ ಕಡೆಯ ಲೆಕ್ಕ. ಮಳೆಗಾಲದಲ್ಲಿ ಒಂದು ಮರ ಬಿದ್ರೆ ಕರೆಂಟ್ ಮರುದಿನ. ಗುಡ್ಡದ ಕಡೆಯಿಂದ ಕಾಲೇಜಿಗೆ ಬರುವ ನಮ್ಮ ಕ್ಲಾಸಿನವರನ್ನು ಕೇಳಿ: ಹೊಸಂಗಡಿ, ಅಮಾಸೆಬೈಲು, ಕೊಲ್ಲೂರು ಕಡೆಯವರು. ಸಿಗ್ನಲ್ ಹುಡುಕ್ತಾ ಹುಡುಕ್ತಾ ಫೋನ್ ಬಿಸಿಯಾಗಿ ಬ್ಯಾಟರಿ ಬೇಗ ಇಳಿಯುವುದು ಅವರಿಗೆ ದಿನದ ಅನುಭವ. ಎರಡು ಕಂಪನಿಯ ಎರಡು ಸಿಮ್ ಇಟ್ಟುಕೊಳ್ಳುವುದು ಶೋಕಿಗಲ್ಲ. ಒಂದರ ಟವರ್ ಮನೆಯಲ್ಲಿ ಸಿಗ್ತದೆ, ಇನ್ನೊಂದರದ್ದು ರಸ್ತೆಯಲ್ಲಿ.

ನವೆಂಬರಿನಿಂದ ಮೇಳಗಳು ತಿರುಗಾಟಕ್ಕೆ ಹೊರಡ್ತವೆ. ಮಂದಾರ್ತಿ ಮೇಳದ ಆಟ ಬೆಳಗಿನವರೆಗೆ ನೋಡಿ, ಇಷ್ಟದ ವೇಷ ಬಂದಾಗ ರೆಕಾರ್ಡ್ ಮಾಡುವವರು ನಮ್ಮಲ್ಲಿ ಎಷ್ಟು ಜನ ಇಲ್ಲ? ಹಿಂದೆ ಕೂತವನಿಗೆ ಜೂಮ್ ಬೇಕು, ಎದುರು ಕೂತವನಿಗೆ ಇಡೀ ರಂಗಸ್ಥಳ ಹಿಡಿಯುವ ವೈಡ್ ಬೇಕು. ಏರ್‌ನಲ್ಲಿ ಅಲ್ಟ್ರಾವೈಡ್ ಇಲ್ಲ, ದೂರಕ್ಕೆಂದೇ ಬೇರೆ ಲೆನ್ಸೂ ಇಲ್ಲ. ಬೆಳಗಿನ ಜಾವದ ಚೆಂಡೆಗೆ ಬ್ಯಾಟರಿಯೂ ಇರಬೇಕಲ್ಲ. "ಡಿಸೈನ್" ಅಂದ್ರೆ ಇದೂ ಡಿಸೈನೇ.

ಭಾಗ 6/10

ಅಕೌಂಟ್ಸ್ ಪೀರಿಯಡ್. ಬಂಕ್ ಹಾಕಬೇಡಿ.

ಒಂದು: ಮಿಲಿಮೀಟರಿನ ಬೆಲೆ. ಐಫೋನ್ 17ರ ದಪ್ಪ 7.95 ಎಂಎಂ, ಏರ್ 5.6. ವ್ಯತ್ಯಾಸ 2.35 ಎಂಎಂ. ಬೆಲೆಯ ವ್ಯತ್ಯಾಸ 37,000. ಭಾಗಿಸಿ. ಒಂದು ಮಿಲಿಮೀಟರ್ ಕಮ್ಮಿಯಾಗೋಕೆ ಸುಮಾರು 15,745 ರೂ. ಅಷ್ಟರಲ್ಲಿ ಅಮ್ಮನಿಗೆ ಒಂದು ಪೂರ್ತಿ ಫೋನ್ ಬರ್ತದೆ. ಅದೂ ಈ 5.6 ಅನ್ನುವುದು ದಿಬ್ಬ ಬಿಟ್ಟು ಅಳೆದದ್ದು. ಮೇಲಿಂದ ನಾವು ಎಲ್ಲರೂ ಎಂತ ಮಾಡ್ತೇವೆ? ಮೊದಲ ದಿನವೇ ದಪ್ಪ ಪೌಚ್ ಹಾಕ್ತೇವೆ. ತೆಳುವಿಗೆ ದುಡ್ಡು ಕೊಟ್ಟು, ತೆಳು ಮುಚ್ಚೋಕೆ ಮತ್ತೆ ದುಡ್ಡು.

ಎರಡು: ತೆರಿಗೆ. ಮೊಬೈಲ್ ಮೇಲೆ ಜಿಎಸ್‌ಟಿ 18%. ಸೆಪ್ಟೆಂಬರ್ 22ರಿಂದ ಎಸಿ, ದೊಡ್ಡ ಟಿವಿ 28ರಿಂದ 18ಕ್ಕೆ ಇಳಿದವು, ಆದ್ರೆ ಮೊಬೈಲ್ ಮೊದಲೇ 18ರಲ್ಲಿತ್ತು, ಅಲ್ಲೇ ಇದೆ. "ಹಬ್ಬಕ್ಕೆ ಫೋನ್ ಜಿಎಸ್‌ಟಿ ಕಮ್ಮಿ" ಅಂತ ಫಾರ್ವರ್ಡ್ ಮಾಡಬೇಡಿ. 1,19,900ರಲ್ಲಿ ಸುಮಾರು 18,290 ರೂ. ತೆರಿಗೆಯೇ.

ಮೂರು: ಸವಕಳಿ, ಸ್ಟ್ರೇಟ್ ಲೈನ್. ಏರ್ ನಾಲ್ಕು ವರ್ಷ ಬಳಸಿ 40,000ಕ್ಕೆ ಮಾರಿದೆ ಅಂತ ಇಟ್ಟುಕೊಳ್ಳಿ (ಉದಾರವಾಗಿಯೇ ಹಾಕಿದ್ದೇನೆ). 79,900 ಭಾಗ ನಾಲ್ಕು, ವರ್ಷಕ್ಕೆ 19,975, ದಿನಕ್ಕೆ ಸುಮಾರು 55 ರೂ. 16,000ದ ಫೋನ್ ನಾಲ್ಕು ವರ್ಷ ಬಳಸಿ ಕೊನೆಗೆ ಬಿಸಾಡಿದರೂ ದಿನಕ್ಕೆ 11 ರೂ. ಎರಡರಲ್ಲೂ ಇನ್‌ಸ್ಟಾ ತೆರೆಯುತ್ತದೆ.

ನಾಲ್ಕು: "ನೋ ಕಾಸ್ಟ್ ಇಎಂಐ". 24 ಕಂತು ಅಂದ್ರೆ ತಿಂಗಳಿಗೆ ಸುಮಾರು 4,996. ಸೊನ್ನೆ ಬಡ್ಡಿ ಅನ್ನುವುದನ್ನು ನಂಬಬೇಡಿ. 2013ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ, ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಪ್ರೊಸೆಸಿಂಗ್ ಶುಲ್ಕದ ವೇಷ ಹಾಕಿ ಗ್ರಾಹಕನ ಮೇಲೆ ಹೊರಿಸ್ತಾರೆ ಅಂತ.

ಐದು: ನನ್ನ ಲೆಕ್ಕ. ನಾನು ಮದುವೆ ಊಟಕ್ಕೆ ಬಡಿಸೋಕೆ ಹೋಗ್ತೇನೆ. ಒಂದು ಮದುವೆಗೆ 600 ರೂ. 1,19,900 ಭಾಗ 600. ಇನ್ನೂರು ಮದುವೆ! ಇನ್ನೂರು ಸಲ ಅನ್ನ, ಸಾರು, ಪಾಯಸ. ಮುಹೂರ್ತ ಇರುವ ದಿನ ವರ್ಷದಲ್ಲಿ ಎಷ್ಟಿದೆ ಅಂತ ಪಂಚಾಂಗ ನೋಡಿ.

ಭಾಗ 7/10

ಈಗ ನಿಮ್ಮ ಕಾಮೆಂಟ್. ನಾನೇ ಬರೆದುಬಿಡ್ತೇನೆ: "ನಿನ್ ಹತ್ರ ದುಡ್ ಇಲ್ಲ, ನೀನ್ ತಕಂಬುದೂ ಇಲ್ಲ. ನಿಂಗೆಂತಕೆ ಉರಿ?"

ಒಳ್ಳೇ ಪ್ರಶ್ನೆ. ಉತ್ತರ ನಮ್ಮ ಕಿವಿಯಲ್ಲೇ ಇದೆ.

2016ರಲ್ಲಿ ಐಫೋನ್ 7 ಬಂತು, ಇಯರ್‌ಫೋನ್ ತೂತು ಇಲ್ಲದೆ. ಎಲ್ಲರೂ ನಕ್ಕರು. ಸ್ಯಾಮ್‌ಸಂಗ್ ಜಾಹೀರಾತಿನಲ್ಲೇ ಗೇಲಿ ಮಾಡಿತು. 2019ರಲ್ಲಿ ನೋಟ್ 10 ಬಂದಾಗ ಅದರಲ್ಲೂ ತೂತು ಮಾಯ. ಆಮೇಲೆ ಒಂದೊಂದೇ ಮೆಟ್ಟಿಲು ಇಳಿದು ಕಮ್ಮಿ ಬೆಲೆಯ ಫೋನುಗಳಿಂದಲೂ ಹೋಗ್ತಾ ಬಂತು. ಈಗ ಕುಂದಾಪ್ರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ನೋಡಿ, ನೂರು ರೂಪಾಯಿಯ ವಯರ್ ಇಯರ್‌ಫೋನ್ ಜಾಗದಲ್ಲಿ ಸಾವಿರ ರೂಪಾಯಿಯ ಬಡ್ಸ್. ಒಂದು ಬಡ್ ಬಿದ್ದು ಹೋದ್ರೆ ಮತ್ತೆ ಸಾವಿರ.

2020ರಲ್ಲಿ ಐಫೋನ್ 12ರ ಡಬ್ಬಿಯಿಂದ ಚಾರ್ಜರ್ ಹೋಯ್ತು, ಪರಿಸರದ ಹೆಸರಿನಲ್ಲಿ. ಅದಕ್ಕೂ ಗೇಲಿಯ ಪೋಸ್ಟ್ ಬಂತು. 2021ರ ಜನವರಿಯಲ್ಲಿ ಸ್ಯಾಮ್‌ಸಂಗ್ ಎಸ್21ರ ಡಬ್ಬಿಯಲ್ಲೂ ಚಾರ್ಜರ್ ಇಲ್ಲ. ಗೇಲಿಯ ಪೋಸ್ಟ್ ಕೂಡ ಇಲ್ಲ, ಅಳಿಸಿದ್ದರು.

ಕ್ರಮ ಕಂಡ್ರ್ಯಾ? ಲಕ್ಷದ ಫೋನಿನಲ್ಲಿ ಮೊದಲು ಒಂದು ವಸ್ತು ಹೋಗ್ತದೆ. ಅದನ್ನು "ಡಿಸೈನ್" ಅಂತಾರೆ. ಯೂಟ್ಯೂಬಿನವರು ಹೌದು ಅಂತಾರೆ. ನಾವು ಬಣ್ಣದ ಬಗ್ಗೆ ಜಗಳ ಆಡ್ತೇವೆ. ನಾಲ್ಕೈದು ವರ್ಷ ಆಗುವಾಗ ನಾವು ಕೊಳ್ಳುವ ಫೋನಿನಲ್ಲೂ ಅದು ಇರುವುದಿಲ್ಲ, ಅಷ್ಟು ಹೊತ್ತಿಗೆ ನಮಗೆ ನೆನಪೂ ಇರುವುದಿಲ್ಲ.

ಸಿಮ್ ಜಾಗವೂ ಅದೇ ದಾರಿಯಲ್ಲಿದೆ. ಅಮೆರಿಕದಲ್ಲಿ 2022ರ ಐಫೋನ್ 14ರಿಂದಲೇ ಇಲ್ಲ. ಈಗ ಏರ್ ಮೂಲಕ ನಮ್ಮ ದೇಶಕ್ಕೂ ಬಂತು. ನನ್ನ ಭಯ ಲಕ್ಷದ ಏರ್ ಬಗ್ಗೆ ಅಲ್ಲ. ಇನ್ನು ಕೆಲವು ವರ್ಷ ಬಿಟ್ಟು ಅಮ್ಮನಿಗೆ 15,000ದ ಫೋನ್ ತೆಗೆಯೋಕೆ ಶಾಸ್ತ್ರಿ ಸರ್ಕಲ್ ಹತ್ತಿರದ ಅಂಗಡಿಗೆ ಹೋದಾಗ, "ಈಗ ಸಿಮ್ ಹಾಕುದ್ ಯಾವ್ದ್ರಂಗೂ ಬತ್ತಿಲ್ಲ" ಅಂತ ಅಂಗಡಿಯವರು ಹೇಳುವ ದಿನದ ಬಗ್ಗೆ.

ಆ ದಿನ ಬಾಯಿ ತೆರೆದ್ರೆ ಪ್ರಯೋಜನ ಇಲ್ಲ. ಚರ್ಚೆ ಈಗ ಮಾಡಬೇಕು.

ಭಾಗ 8/10

"ನಾವು ಮಾತಾಡಿದ್ರೆ ಕ್ಯುಪರ್ಟಿನೊದಲ್ಲಿ ಯಾರು ಕೇಳ್ತಾರೆ?" ಇದು ಎರಡನೇ ಕಾಮೆಂಟ್.

ಕೇಳುವ ಹಾಗೆ ಮಾಡಿದ್ರೆ ಕೇಳ್ತಾರೆ. ಐಫೋನಿಗೆ ಟೈಪ್-ಸಿ ಯಾಕೆ ಬಂತು? ಪ್ರೀತಿಯಿಂದ ಅಲ್ಲ. ಎಲ್ಲ ಫೋನಿಗೂ ಒಂದೇ ಚಾರ್ಜರ್ ಇರಬೇಕು ಅಂತ ಯುರೋಪಿಯನ್ ಒಕ್ಕೂಟ 2022ರಲ್ಲಿ ಕಾನೂನು ಮಾಡಿತು. 2023ರ ಐಫೋನ್ 15ರಲ್ಲಿ ಟೈಪ್-ಸಿ ಬಂತು. ಈಗ ಹಾಸ್ಟೆಲಿನಲ್ಲಿ ನಿಮ್ಮ ಐಫೋನಿಗೆ ನನ್ನ ಚಾರ್ಜರ್ ಆಗ್ತದೆ ಅಂದ್ರೆ ಅದು ಆ ಕಾನೂನಿನ ಪುಣ್ಯ.

2025ರ ಜೂನ್ 20ರಿಂದ ಯುರೋಪಿನಲ್ಲಿ ಇನ್ನೊಂದು ನಿಯಮ ಜಾರಿಗೆ ಬಂದಿದೆ. ಮಾರುವ ಫೋನಿನ ಮುಖ್ಯ ಬಿಡಿಭಾಗಗಳು ಮಾರಾಟ ನಿಲ್ಲಿಸಿದ ಮೇಲೂ 7 ವರ್ಷ ಸಿಗಬೇಕು. ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ 80% ಉಳಿದಿರಬೇಕು. ರಿಪೇರಿ ಎಷ್ಟು ಸುಲಭ ಅಂತ ಡಬ್ಬಿಯ ಲೇಬಲ್ಲಿನಲ್ಲೇ ಅಕ್ಷರದಲ್ಲಿ ಬರೆಯಬೇಕು, ಫ್ರಿಜ್ಜಿಗೆ ಸ್ಟಾರ್ ಇದ್ದ ಹಾಗೆ. ಚೀನಾದಲ್ಲಿ ಇ-ಸಿಮ್‌ಗೆ ಅನುಮತಿ ಸಿಗದ ಕಾರಣ 2025ರಲ್ಲಿ ಇದೇ ಏರ್‌ನ ಮಾರಾಟವನ್ನೇ ಮುಂದೆ ಹಾಕಿದ್ದರು. ನಿಯಮ ಇದ್ರೆ ಎಷ್ಟು ದೊಡ್ಡ ಕಂಪನಿಯೂ ಕಾಯ್ತದೆ.

ನಮ್ಮಲ್ಲಿ? ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಫೋನಿಗೂ ರಿಪೇರಿ ಅಂಕ ಕೊಡಬೇಕು ಅಂತ 2025ರ ಮೇ ತಿಂಗಳಲ್ಲಿ ಸಮಿತಿಯೊಂದು ವರದಿ ಕೊಟ್ಟಿದೆ. ಕ್ಲಾಸಿನಲ್ಲಿ ಎಷ್ಟು ಜನರಿಗೆ ಗೊತ್ತಿತ್ತು? ಕಿತ್ತಳೆ ಬಣ್ಣದ ಹೆಸರು ಎಷ್ಟು ಜನರಿಗೆ ಗೊತ್ತಿತ್ತು? ಅಷ್ಟೇ ನನ್ನ ಪ್ರಶ್ನೆ.

ನ್ಯಾಯಕ್ಕೆ ಇನ್ನೊಂದು ಮಾತು. ಫೋನ್ ಬಿಚ್ಚಿ ನೋಡುವ ಐಫಿಕ್ಸಿಟ್‌ನವರು ಏರ್‌ಗೆ ರಿಪೇರಿಯಲ್ಲಿ ಹತ್ತಕ್ಕೆ ಏಳು ಕೊಟ್ಟಿದ್ದಾರೆ. ಒಳ್ಳೇ ಅಂಕ. ಅಂದ್ರೆ ಇಷ್ಟು ತೆಳು ಮಾಡಿಯೂ ಬ್ಯಾಟರಿ ಬದಲಿಸುವ ಹಾಗೆ ಮಾಡೋಕೆ ಆಗ್ತದೆ! ಹಾಗಾದ್ರೆ ಇನ್ನು ಮುಂದೆ ಯಾವ ಕಂಪನಿಯೂ "ತೆಳು ಬೇಕಾದ್ರೆ ಅಂಟು ಹಾಕಿ ಮುಚ್ಚಲೇಬೇಕು" ಅಂತ ನೆಪ ಹೇಳುವ ಹಾಗಿಲ್ಲ.

ಭಾಗ 9/10

ಮೂರನೇ ಕಾಮೆಂಟ್ ನನಗೆ ಸ್ವಲ್ಪ ನೋವಾಗಿದ್ದು: "ಕರ್ನಾಟಕದಲ್ಲೇ ಐಫೋನ್ ಆಗ್ತಿದೆ, ಹೆಮ್ಮೆ ಪಡೋದು ಬಿಟ್ಟು ಬೈತೀಯಾ?"

ಹೆಮ್ಮೆ ಇದೆ. ದೇವನಹಳ್ಳಿಯ ಫಾಕ್ಸ್‌ಕಾನ್ ಘಟಕದಲ್ಲಿ ಐಫೋನ್ 17ರ ಜೋಡಣೆ ಆಗಸ್ಟಿನಲ್ಲಿ ಶುರುವಾಗಿದೆ ಅಂತ ಸುದ್ದಿ ಓದಿದಾಗ ನಾನೂ ಸ್ಟೇಟಸ್ ಹಾಕಿದ್ದೆ. ಸೆಪ್ಟೆಂಬರ್ 2ಕ್ಕೆ ಬೆಂಗಳೂರಿನ ಹೆಬ್ಬಾಳದಲ್ಲಿ ಆಪಲ್‌ನ ಅಂಗಡಿ ತೆರೆದಾಗ ಅಪ್ಪಯ್ಯನಿಗೆ "ಒಂದ್ಸಲ ಹೋಗಿ ಕಂಡ್ಕಂಡ್ ಬನ್ನಿ" ಅಂದಿದ್ದೆ. "ರಜೆ ಸಿಕ್ರೆ ಕಾಂಬ" ಅಂದ್ರು.

ಆದ್ರೆ ಯೋಚನೆ ಮಾಡಿ. ಜೋಡಿಸುವ ಕೈ ನಮ್ಮದು. ಕೊಳ್ಳುವ ಕಿಸೆ ನಮ್ಮದು. ಫೋನ್ ಹೇಗಿರಬೇಕು ಅನ್ನುವ ಮಾತು ಮಾತ್ರ ನಮ್ಮದಲ್ಲ. ಇಲ್ಲೇ ತಯಾರಾಗುವುದು ಬೇರೆ, ಇಲ್ಲಿಯವರಿಗಾಗಿ ತಯಾರಾಗುವುದು ಬೇರೆ. ನಮ್ಮೂರಿನ ಹೆಂಚು ಇಲ್ಲಿ ಓಡಿದ್ದು ಚೆಂದ ಇದೆ ಅಂತಲ್ಲ, ಇಲ್ಲಿಯ ಮಳೆ ತಡೆದುಕೊಂಡಿತು ಅಂತ. ಒಂದು ಹೆಂಚು ಒಡೆದ್ರೆ ಅದೊಂದನ್ನೇ ತೆಗೆದು ಬೇರೆ ಹಾಕಬಹುದು. ಇಡೀ ಮಾಡು ಬದಲಿಸು ಅಂತ ಯಾರೂ ಹೇಳುವುದಿಲ್ಲ.

ಹಾಗಾಗಿ ನನ್ನ ಪಟ್ಟಿ ಇಲ್ಲಿದೆ. ಯಾವ ಫೋನ್ ಬಂದರೂ ಇನ್ನು ಇದೇ ಪಟ್ಟಿ ಹಿಡಿದು ಕೇಳ್ತೇನೆ.

ಸಿಮ್ ಕೈಯಲ್ಲಿ ತೆಗೆದು ಬೇರೆ ಫೋನಿಗೆ ಹಾಕೋಕೆ ಆಗ್ತದಾ?
ಒದ್ದೆ ಕೈಯಲ್ಲಿ ಕಾಲ್ ತೆಗೆಯೋಕೆ ಆಗ್ತದಾ?
ನೀರು ತಡೆಯುತ್ತದೆ ಅಂತ ಹೇಳಿದವರು ನೀರು ಹೋದ್ರೆ ಹೊಣೆ ಹೊರ್ತಾರಾ?
ಮೂರು ವರ್ಷದ ಮೇಲೆ ಬ್ಯಾಟರಿ ಹಾಕಿಸೋಕೆ ಎಷ್ಟು, ಎಲ್ಲಿ, ಎಷ್ಟು ದಿನ?
ಅಪ್‌ಡೇಟ್ ಎಷ್ಟು ವರ್ಷ ಅಂತ ಬರೆದು ಕೊಟ್ಟಿದ್ದಾರಾ?
ಡಬ್ಬಿಯಲ್ಲಿ ಇಲ್ಲದ್ದನ್ನೆಲ್ಲ ಕೊಂಡ ಮೇಲೆ ಒಟ್ಟು ಎಷ್ಟಾಯ್ತು?

ಆರೇ ಪ್ರಶ್ನೆ. ಇದಕ್ಕೆ ಪಾಸ್ ಆದ ಮೇಲೆ ಬಣ್ಣದ ಬಗ್ಗೆ ಬೆಳಗಾಗುವವರೆಗೆ ಜಗಳ ಆಡುವ. ನಾನೂ ಬರ್ತೇನೆ.

ಭಾಗ 10/10

ಕೊನೇ ಫೋಟೋ: ನನ್ನ ಫೋನಿನ ಸ್ಕ್ರೀನ್‌ಶಾಟ್. ಇಎಂಐ ಪುಟ. 24 ಕಂತು. ಕೆಳಗೆ ನನ್ನ ಹೆಸರು ಟೈಪ್ ಮಾಡಿದ್ದು ಕಾಣ್ತದೆ.

ಹೌದು. ಸೆಪ್ಟೆಂಬರ್ 9ರ ರಾತ್ರಿ ಗ್ರೂಪಿನ ಜಗಳ ಮುಗಿದ ಮೇಲೆ ಕೂತು ಲೆಕ್ಕ ಹಾಕಿದ್ದೆ. ಬಡಿಸುವ ದುಡ್ಡು ಅರ್ಧ, ಉಳಿದದ್ದು ಅಪ್ಪಯ್ಯನ ಕಾರ್ಡಿನಲ್ಲಿ, ತಿಂಗಳ ಕಂತು ನಾನು ಕಟ್ಟುವುದು ಅಂತ. ಅಪ್ಪಯ್ಯ ಇಲ್ಲ ಅನ್ನುವುದಿಲ್ಲ ಅಂತ ನನಗೆ ಗೊತ್ತಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಹಿಟ್ಟಿನ ಎದುರು ನಿಲ್ಲುವ ಮನುಷ್ಯ, ಮಗ ಕೇಳಿದ್ರೆ ಇಲ್ಲ ಅನ್ನುವುದಿಲ್ಲ. ಅದೇ ನನಗೆ ಈಗ ಹೆದರಿಕೆ ಹುಟ್ಟಿಸುವುದು. ನಾನು ಕೇಳದೆ ಉಳಿದದ್ದು ನನ್ನ ಬುದ್ಧಿಯಿಂದ ಅಲ್ಲ, ಬೆಳಿಗ್ಗೆ ಅಮ್ಮ ಸಿಮ್ ಎಲ್ಲಿಗೆ ಹಾಕುವುದು ಅಂತ ಕೇಳಿದಳಲ್ಲ, ಅದಕ್ಕೆ ಉತ್ತರ ಕೊಡೋಕೆ ಆಗಲಿಲ್ಲ, ಅದರಿಂದ.

ಯಾರ ಮನೆಯಲ್ಲಿ ದುಡ್ಡು ಇದೆಯೋ ಅವರು ತಕ್ಕೊಳ್ಳಿ, ಬೇಡ ಅನ್ನುವುದಿಲ್ಲ. ಚೆಂದದ ವಸ್ತು, ಚೆಂದ ನೋಡಿಕೊಳ್ಳಿ. ಆದ್ರೆ ಕ್ಲಾಸಿನಲ್ಲಿ ಈ ವಾರ ಇಬ್ಬರು ಕಂತಿನ ಕಾಗದಕ್ಕೆ ಸಹಿ ಹಾಕಿದ್ದಾರೆ ಅಂತ ನನಗೆ ಗೊತ್ತು, ಯಾರ ಸಂಬಳದಲ್ಲಿ ಅಂತಲೂ ಗೊತ್ತು. ಅವರಿಗೆ ಬೈಯುವುದಿಲ್ಲ. ಒಂದು ದಿನ ಹಿಂದೆ ಅವರ ಜಾಗದಲ್ಲಿ ನಾನೇ ಕೂತಿದ್ದೆ. ಉಳಿದವರಿಗೆ ಹೇಳ್ತೇನೆ: ನವರಾತ್ರಿ ಸೇಲ್, ದೀಪಾವಳಿ ಸೇಲ್ ಅಂತ ಇನ್ನು ಒಂದು ತಿಂಗಳು ಇದೇ ಗಲಾಟೆ. ಬಟನ್ ಒತ್ತುವ ಮೊದಲು ಒಂದು ಕೆಲಸ ಮಾಡಿ. ಫೋನಿನ ಫೋಟೋ ಮನೆಯಲ್ಲಿ ತೋರಿಸಿ. ಅಮ್ಮನಿಗೆ, ಅಜ್ಜಿಗೆ, ಬೋಟಿಗೆ ಹೋಗುವ ಅಣ್ಣನಿಗೆ. ಅವರು ಕೇಳುವ ಮೊದಲ ಪ್ರಶ್ನೆ ಬರೆದಿಡಿ.

ಆ ಪ್ರಶ್ನೆಯನ್ನು ಕೆಳಗೆ ಕಾಮೆಂಟ್ ಹಾಕಿ. ಗಿಫ್ಟ್ ಇಲ್ಲ, ಗಿವ್‌ಅವೇ ಇಲ್ಲ. ಎಲ್ಲ ಸೇರಿಸಿ ಒಂದು ಪಟ್ಟಿ ಮಾಡಿ ಗ್ರಾಹಕ ವ್ಯವಹಾರಗಳ ಇಲಾಖೆಗೆ ಕಳಿಸುವ. ಪತ್ರ ನಾನು ಬರೀತೇನೆ, ಬಿಸಿನೆಸ್ ಕಮ್ಯುನಿಕೇಶನ್‌ನಲ್ಲಿ ಫಾರ್ಮ್ಯಾಟ್ ಕಲಿತದ್ದು ಎಲ್ಲಿಗಾದ್ರೂ ಉಪಯೋಗ ಆಗಲಿ. ಓದಿದವರು ಸಹಿ ಹಾಕಿ.

ಮೊದಲ ಪ್ರಶ್ನೆ ನಮ್ಮ ಅಮ್ಮನದ್ದು. ಎರಡನೆಯದ್ದು ಯಾರದ್ದು?

#ಕುಂದಾಪ್ರಕನ್ನಡ #ಬೈಂದೂರು #ಬ್ರಹ್ಮಾವರ #ಸಿಮ್_ಎಲ್ಲಿಗ್_ಹಾಕುದ್ #ನಮ್ಮಪಟ್ಟಿ